ಎಲ್ಲರಿಗೂ ಒಂದೇ ಲೈಸೆನ್ಸ್ ಫೈಲ್: ಕೈಬಿಡುವ ದಾರಿಗಳಲ್ಲಿ ನಿಮಗೆ ಯಾವುದು ಸರಿ?

ಪುಣೆಯಲ್ಲಿ ಲಿನಕ್ಸ್ ಮೇಲೆ ಕೆಲಸ ಮಾಡುವ ಕನ್ನಡದವರು ಬಹಳ ಜನ ಇದ್ದಾರೆ. ಹಿಂಜವಡಿ, ಖರಾಡಿ, ಮಗರಪಟ್ಟಾ ಎಲ್ಲಿಗೆ ಹೋದರೂ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯವರು ಸಿಗುತ್ತಾರೆ. ಕೆಲವರು ಡೆಬಿಯನ್ ಎಂಬ ಲಿನಕ್ಸ್ ಮೇಲೆ ಕಟ್ಟಿದ ಕಂಪನಿಯ ಸ್ವಂತ ಡಿಸ್ಟ್ರೋ (ಲಿನಕ್ಸ್‌ನ ಸಿದ್ಧ ಕಟ್ಟು) ನೋಡಿಕೊಳ್ಳುತ್ತಾರೆ. ಕೆಲವರು ಗಾಡಿಗಳ ಕಂಟ್ರೋಲರ್‌ಗೆ ಯೋಕ್ಟೋ ಎಂಬ ಟೂಲ್‌ನಲ್ಲಿ ಇಮೇಜ್, ಅಂದರೆ ಸಾಧನಕ್ಕೆ ಹಾಕುವ ಪೂರ್ತಿ ಸಿಸ್ಟಮ್, ಕಟ್ಟುತ್ತಾರೆ. ಇವರಲ್ಲಿ ಹಲವರು ನನ್ನ ಮುಂದೆ ಇಟ್ಟಿರುವ ಪ್ರಶ್ನೆ ಒಂದೇ. "ಸರ್, ಕಾಮನ್-ಲೈಸೆನ್ಸಸ್ ಒಳಗಿನ ಬಿಎಸ್‌ಡಿ ಫೈಲ್ ತೆಗೀರಿ ಅಂತ ಆಡಿಟ್‌ನವರು ಬರದಾರ. ತೆಗದ್ರ ಏನಾಗ್ತದ್ರಿ? ಇಟ್ರ ಏನಾಗ್ತದ?"

ಕಾಮನ್-ಲೈಸೆನ್ಸಸ್ ಎಂದರೆ ಡಿಸ್ಟ್ರೋದ ಎಲ್ಲ ಪ್ಯಾಕೇಜ್‌ಗಳೂ (ಒಂದೊಂದು ಸಾಫ್ಟ್‌ವೇರ್ ಕಟ್ಟು) ಹಂಚಿಕೊಳ್ಳುವ ಲೈಸೆನ್ಸ್ ಪಠ್ಯಗಳ ಫೋಲ್ಡರ್, ಬಿಎಸ್‌ಡಿ ಅದರಲ್ಲಿನ ಒಂದು ಲೈಸೆನ್ಸ್. ತೆಗೆದರೆ ಕಣ್ಣಿಗೆ ಕಾಣುವಂಥದ್ದು ಏನೂ ಆಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಒಂದು ಲೈಬ್ರರಿ ತೆಗೆದರೆ ಬಿಲ್ಡ್ ಬೀಳುತ್ತದೆ, ಹತ್ತು ನಿಮಿಷದಲ್ಲಿ ಯಾರಾದರೂ ಬಂದು ಕೇಳುತ್ತಾರೆ. ಲೈಸೆನ್ಸ್ ಪಠ್ಯ ತೆಗೆದರೆ ಎಲ್ಲ ಟೆಸ್ಟೂ ಪಾಸಾಗುತ್ತವೆ, ಇಮೇಜ್ ಬೂಟ್ ಆಗುತ್ತದೆ, ಗ್ರಾಹಕರಿಗೆ ಹೋಗುತ್ತದೆ. ನೂರಾರು ಪ್ಯಾಕೇಜ್‌ಗಳ ಕಾಪಿರೈಟ್ ಫೈಲ್‌ಗಳು ಮಾತ್ರ "ಪೂರ್ತಿ ಪಠ್ಯ ಅಲ್ಲಿದೆ ನೋಡಿ" ಎಂದು ಇಲ್ಲದ ಜಾಗವನ್ನು ತೋರಿಸುತ್ತಾ ಉಳಿಯುತ್ತವೆ. ಹಾಗಾಗಿ ತೆಗೆಯಬೇಕೋ ಬೇಡವೋ ಎನ್ನುವುದಕ್ಕಿಂತ ಯಾವ ಕ್ರಮದಲ್ಲಿ, ಯಾವುದನ್ನು ಬದಲಿಗೆ ಇಟ್ಟು ತೆಗೆಯಬೇಕು ಎನ್ನುವುದು ದೊಡ್ಡ ಪ್ರಶ್ನೆ.

ಈ ಫೈಲ್ ಯಾಕೆ ಬಂತು, ಯಾಕೆ ಬೇಡವಾಯಿತು

ಡೆಬಿಯನ್‌ನಲ್ಲಿ ಬೇಸ್-ಫೈಲ್ಸ್ ಎಂಬ ಪ್ಯಾಕೇಜ್ ಇದೆ. ಪ್ರತಿ ಸಿಸ್ಟಮ್‌ನಲ್ಲೂ ಅದು ಇರಲೇಬೇಕು. ಕಾಮನ್-ಲೈಸೆನ್ಸಸ್ ಫೋಲ್ಡರ್ ಬರುವುದು ಅದರಿಂದಲೇ. ಜಿಪಿಎಲ್‌ನ ಮೂರು ಆವೃತ್ತಿಗಳು, ಎಲ್‌ಜಿಪಿಎಲ್, ಅಪಾಚೆ 2.0, ಆರ್ಟಿಸ್ಟಿಕ್, ಎಂಪಿಎಲ್, ಸಿಸಿ0 ಹೀಗೆ ಹೆಚ್ಚು ಬಳಕೆಯ ಲೈಸೆನ್ಸ್‌ಗಳ ಪಠ್ಯ ಅದರಲ್ಲಿದೆ. ಪ್ಯಾಕೇಜ್ ಮಾಡುವವರು ತಮ್ಮ ಕಾಪಿರೈಟ್ ಫೈಲಿನಲ್ಲಿ ಪೂರ್ತಿ ಪಠ್ಯ ಹಾಕುವ ಬದಲು ಆ ಫೈಲಿನ ದಾರಿ ಬರೆದರೆ ಸಾಕು. ಜಿಪಿಎಲ್ 3 ಪಠ್ಯವೊಂದೇ ಸುಮಾರು 35 ಕೆಬಿ ಇದೆ. ಸಾವಿರಾರು ಪ್ಯಾಕೇಜ್‌ಗಳಲ್ಲಿ ಅದನ್ನೇ ಮತ್ತೆ ಮತ್ತೆ ತುಂಬುವುದು ಬೇಡ ಎಂಬ ಯೋಚನೆ ಸರಿಯಾದದ್ದೇ.

ಆದರೆ ಬಿಎಸ್‌ಡಿ ಫೈಲ್ ವಿಷಯ ಬೇರೆ. ಅದರ ತಲೆಬರಹದಲ್ಲೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೀಜೆಂಟ್ಸ್ (ಆಡಳಿತ ಮಂಡಳಿ) ಹೆಸರಿದೆ. ಮೂರನೇ ಷರತ್ತಿನಲ್ಲಿ ವಿಶ್ವವಿದ್ಯಾಲಯದ ಹೆಸರನ್ನು ಪ್ರಚಾರಕ್ಕೆ ಬಳಸಬೇಡಿ ಎಂದಿದೆ. ಹೊಣೆ ನಮ್ಮದಲ್ಲ ಎನ್ನುವ ಭಾಗದಲ್ಲೂ ಅವರ ಹೆಸರೇ. ಆ ವಿಶ್ವವಿದ್ಯಾಲಯದ ಬರ್ಕ್‌ಲಿಯಿಂದ ಬಂದ ಕೋಡ್‌ಗೆ ಅದು ಸರಿ. ಬೇರೆ ಯಾರೋ ಬರೆದ ಲೈಬ್ರರಿಗೆ ಅದನ್ನು ತೋರಿಸುವುದು, ಬೇರೆಯವರ ಮನೆಯ ಲಗ್ನಪತ್ರಿಕೆ ಹಂಚಿ ನಮ್ಮ ಮದುವೆಗೆ ಬನ್ನಿ ಅಂದ ಹಾಗೆ. ಬಿಎಸ್‌ಡಿ ಲೈಸೆನ್ಸ್ ಕೇಳುವುದೇ ಸ್ವಲ್ಪ: ಬೈನರಿ ಹಂಚುವಾಗ ಕಾಪಿರೈಟ್ ಸಾಲು, ಷರತ್ತುಗಳು, ಹೊಣೆಯ ಮಾತು ಇವಿಷ್ಟು ಜೊತೆಗಿರಲಿ. ಆ ಕಾಪಿರೈಟ್ ಸಾಲು ಎಂದರೆ ಆ ಕೋಡ್ ಬರೆದವರ ಸಾಲು. ಪುಕ್ಕಟೆ ಕೋಡ್ ಕೊಟ್ಟವರು ಬದಲಿಗೆ ಕೇಳಿದ್ದು ಅಷ್ಟೇ. ಅದನ್ನಾದರೂ ಸರಿಯಾಗಿ ಕೊಡಬೇಕಲ್ವಾ?

ಇದನ್ನು ಗುರುತಿಸಿಯೇ ಡೆಬಿಯನ್ ಪಾಲಿಸಿ ಬಿಎಸ್‌ಡಿ ಫೈಲನ್ನು ತೋರಿಸಬೇಡಿ, ಪಠ್ಯವನ್ನು ಪ್ಯಾಕೇಜಿನೊಳಗೇ ಹಾಕಿ ಎಂದಿತು. ಯಾರಾದರೂ ತೋರಿಸಿದರೆ, ಪ್ಯಾಕೇಜ್‌ಗಳ ತಪ್ಪು ಹುಡುಕುವ ಲಿಂಟಿಯನ್ ಎಂಬ ಟೂಲ್ ಎಚ್ಚರಿಸುತ್ತದೆ. ಆದರೂ ಫೈಲ್ ಕೂಡಲೇ ಹೋಗಲಿಲ್ಲ. 2023ರಲ್ಲಿ ಬಂದ ಡೆಬಿಯನ್ 12ರಲ್ಲೂ ಅದು ಕೂತಿದೆ. ಎಂಐಟಿ ಲೈಸೆನ್ಸ್ ಡೆಬಿಯನ್‌ನ ಆ ಫೋಲ್ಡರ್‌ನಲ್ಲಿ ಇಲ್ಲ ಎಂಬುದನ್ನೂ ಗಮನಿಸಿ. ಅದರಲ್ಲೂ ಬರೆದವರ ಹೆಸರು ಪಠ್ಯದ ಭಾಗವೇ.

ಯಾವ ಅಳತೆಗಳಲ್ಲಿ ತೂಗಬೇಕು

ನಾನು ಮೊದಲು ನೋಡುವುದು ಪಠ್ಯ ನಿಜವೇ ಎಂದು. ಪ್ಯಾಕೇಜ್ ತೋರಿಸುವ ಪಠ್ಯ ಆ ಪ್ಯಾಕೇಜಿನದೇ ಆಗಿದೆಯೇ, ಇಲ್ಲ ಅದರ ಹಾಗೆ ಕಾಣುವ ಇನ್ನೊಂದೇ? ಬೇರೆ ಅಳತೆಗಳಲ್ಲಿ ಎಷ್ಟೇ ಚೆನ್ನಾಗಿದ್ದರೂ ಇದರಲ್ಲಿ ಸೋತ ದಾರಿಯನ್ನು ನಾನು ಒಪ್ಪುವುದಿಲ್ಲ.

ಎರಡನೆಯದು ಪ್ರಯಾಣ. ಪ್ಯಾಕೇಜ್ ಒಂಟಿಯಾಗಿ ಹೊರಟಾಗ ಪಠ್ಯ ಅದರ ಜೊತೆ ಹೋಗುತ್ತದೆಯೇ? ಮೊದಲೆಲ್ಲ ಸಿಡಿಯಲ್ಲಿ ಇಡೀ ಡಿಸ್ಟ್ರೋ ಹೋಗುತ್ತಿತ್ತು, ಫೋಲ್ಡರ್ ಜೊತೆಗೇ ಇರುತ್ತಿತ್ತು. ಈಗ ಕಂಟೇನರ್ ಕಾಲ, ಅಂದರೆ ಒಂದು ಪ್ರೋಗ್ರಾಮ್ ಮತ್ತು ಅದಕ್ಕೆ ಬೇಕಾದಷ್ಟನ್ನೇ ಕಟ್ಟಿ ಕಳಿಸುವ ಕಾಲ. ಡೆಬಿಯನ್‌ನ ಸ್ಲಿಮ್ ಇಮೇಜ್‌ಗಳು ಡಾಕ್ಯುಮೆಂಟ್‌ಗಳನ್ನು ಕಿತ್ತುಹಾಕಿದರೂ ಕಾಪಿರೈಟ್ ಫೈಲ್‌ಗಳನ್ನು ಉಳಿಸುತ್ತವೆ. ಆದರೆ ನಮ್ಮವರು ಎರಡು ಹಂತದ ಬಿಲ್ಡ್ ಮಾಡಿ ಬೈನರಿಯೊಂದನ್ನೇ ಖಾಲಿ ಇಮೇಜ್‌ಗೆ ಕಾಪಿ ಮಾಡಿದರೆ ಕಾಪಿರೈಟ್ ಫೈಲೂ ಇಲ್ಲ, ಕಾಮನ್-ಲೈಸೆನ್ಸಸ್ ಕೂಡ ಇಲ್ಲ.

ಆಮೇಲೆ ಬರುವವು ಕೆಲಸದ ಹೊರೆ, ಜಾಗ, ಮತ್ತು ಮಷಿನ್ ಓದಬಲ್ಲದೇ ಎಂಬುದು. ಜಾಗದ ವಿಷಯದಲ್ಲಿ ಜನ ಸುಮ್ನೆ ಹೆದರುತ್ತಾರೆ. ಲೆಕ್ಕ ಹಾಕಿ ನೋಡಿ. ಮೂರು ಷರತ್ತಿನ ಬಿಎಸ್‌ಡಿ ಪಠ್ಯ ಸುಮಾರು ಒಂದೂವರೆ ಕೆಬಿ. 300 ಪ್ಯಾಕೇಜ್‌ಗಳಲ್ಲಿ ಹಾಕಿದರೂ 450 ಕೆಬಿ, ಅದೂ ಕುಗ್ಗಿಸುವ ಮೊದಲು. ಅದೇ ಜಿಪಿಎಲ್ 3 ಆದರೆ 300 ಸಲಕ್ಕೆ 10 ಎಂಬಿ ದಾಟುತ್ತದೆ. 16 ಎಂಬಿ ಫ್ಲ್ಯಾಶ್ ಇರುವ ಪುಟ್ಟ ಬೋರ್ಡ್‌ಗೆ ಇದು ದೊಡ್ಡ ಮಾತು, ಸರ್ವರ್‌ಗೆ ಏನೂ ಅಲ್ಲ.

ಕೊನೆಗೆ, ತಪ್ಪಾದರೆ ಹಿಂದಕ್ಕೆ ಬರಬಹುದೇ ಎಂಬುದನ್ನೂ ನೋಡಬೇಕು. ಬೇರೆ ಟೀಮ್‌ಗಳು, ಗ್ರಾಹಕರು ತಾವೇ ಮಾಡಿಕೊಂಡ ಪ್ಯಾಕೇಜ್‌ಗಳು ಆ ಫೈಲನ್ನು ತೋರಿಸುತ್ತಿರಬಹುದು. ಅವು ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಯಾವ ಫೈಲ್ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ

ದಾರಿಗಳಿಗೆ ಹೋಗುವ ಮೊದಲು ಇದೊಂದು ತಿಳಿಯಾಗಲಿ. ಆ ಫೋಲ್ಡರ್‌ನಲ್ಲಿ ಕೈಬಿಡಬೇಕಾದ ಫೈಲ್‌ಗಳು ಒಂದೇ ಜಾತಿಯವಲ್ಲ.

ಹೆಸರು ತುಂಬಿದ ಪಠ್ಯ ಒಂದು ಜಾತಿ. ಬಿಎಸ್‌ಡಿ ಅದಕ್ಕೆ ಉದಾಹರಣೆ. ನಿಮ್ಮ ಕಂಪನಿಯ ಡಿಸ್ಟ್ರೋದಲ್ಲಿ ಯಾರೋ ಹಿಂದಿನವರು ಎಂಐಟಿ, ಐಎಸ್‌ಸಿ ಫೈಲ್‌ಗಳನ್ನೂ ಸೇರಿಸಿದ್ದರೆ ಅವೂ ಇದೇ ಜಾತಿ.

ಆವೃತ್ತಿ ಹೇಳದ ಕೊಂಡಿ ಇನ್ನೊಂದು. ಬರೀ ಜಿಪಿಎಲ್ ಎಂಬ ಹೆಸರಿನ ಸಿಮ್‌ಲಿಂಕ್ (ಬೇರೆ ಫೈಲಿನ ಕಡೆ ತೋರಿಸುವ ಕೊಂಡಿ) ಅಲ್ಲಿದೆ. ಈಗ ಅದು ಜಿಪಿಎಲ್ 3 ಕಡೆ ತಿರುಗಿದೆ. 2007ರ ಜೂನ್‌ನಲ್ಲಿ ಮೂರನೇ ಆವೃತ್ತಿ ಬರುವ ತನಕ ಅದು ಎರಡನೆಯದನ್ನು ತೋರಿಸುತ್ತಿತ್ತು. ಎರಡನೇ ಆವೃತ್ತಿ ಮಾತ್ರ ಎಂದು ಬರೆದವರ ಕೋಡನ್ನು ಪ್ಯಾಕೇಜ್ ಮಾಡಿ, ಸುಮ್ನೆ ಜಿಪಿಎಲ್ ಎಂದು ತೋರಿಸಿದ್ದರೆ, ಯಾರೂ ಏನೂ ಮುಟ್ಟದೆ ಅದು ಬೇರೆ ಲೈಸೆನ್ಸನ್ನು ತೋರಿಸತೊಡಗಿತು. ಇದಕ್ಕೆ ಮದ್ದು ಸುಲಭ. ಆವೃತ್ತಿ ಇರುವ ಫೈಲನ್ನು ತೋರಿಸಿ, ಮುಗಿಯಿತು. ಪಠ್ಯ ಕಾಪಿ ಮಾಡುವುದು ಬೇಡ. ಪ್ಯಾಕೇಜ್ ನೋಡಿಕೊಳ್ಳುವ ಮೇಂಟೇನರ್ ಸೋರ್ಸ್ ಕೋಡ್ ತೆರೆದು ಯಾವ ಆವೃತ್ತಿ ಎಂದು ಖಾತ್ರಿ ಮಾಡಿಕೊಳ್ಳಬೇಕು, ಅಷ್ಟೇ.

ಮೂರನೇ ಜಾತಿ, ಬದಲಾಗದ ಆದರೆ ಕಡಿಮೆ ಬಳಕೆಯ ಪಠ್ಯ. ಜಿಪಿಎಲ್ 1, ಎಂಪಿಎಲ್ 1.1 ಇಂಥವು. "ಹಳೇದು, ತೆಗೆದುಬಿಡೋಣ" ಎನ್ನುವವರಿಗೆ ನನ್ನ ಉತ್ತರ: ಬೇಡ. ಪರ್ಲ್ ಲೋಕದ ಎಷ್ಟೋ ಮಾಡ್ಯೂಲ್‌ಗಳು ಜಿಪಿಎಲ್ 1 ಅಥವಾ ಮುಂದಿನದು, ಇಲ್ಲವೇ ಆರ್ಟಿಸ್ಟಿಕ್ ಎಂಬ ಷರತ್ತಿನಲ್ಲಿ ಇವೆ. ಪಠ್ಯ ಸರಿಯಾಗಿದೆ, ಯಾರಿಗೂ ತಪ್ಪು ಹೇಳುತ್ತಿಲ್ಲ. ಕೆಲವು ಕೆಬಿ ಉಳಿಸಲು ನೂರಾರು ಪ್ಯಾಕೇಜ್ ಮುಟ್ಟುವುದು ದಂಡದ ಕೆಲಸ.

ಜಿಪಿಎಲ್‌ನಂಥ ಪಠ್ಯಕ್ಕೆ ಹಂಚಿಕೆಯ ಫೈಲೇ ಒಳ್ಳೆಯದು ಎನ್ನಲು ಇನ್ನೊಂದು ಕಾರಣವೂ ಇದೆ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ವಿಳಾಸ 2005ರಲ್ಲಿ ಟೆಂಪಲ್ ಪ್ಲೇಸ್‌ನಿಂದ ಫ್ರ್ಯಾಂಕ್ಲಿನ್ ಸ್ಟ್ರೀಟ್‌ಗೆ ಹೋಯಿತು. 2024ರಲ್ಲಿ ಆ ಕಚೇರಿಯೂ ಮುಚ್ಚಿತು. ಹಳೇ ವಿಳಾಸ ಇಂದಿಗೂ ಲೆಕ್ಕವಿಲ್ಲದಷ್ಟು ಕಾಪಿರೈಟ್ ಫೈಲ್‌ಗಳಲ್ಲಿ ಕೂತಿದೆ. ಹಂಚಿಕೆಯ ಫೈಲಾದರೆ ಒಂದೇ ಕಡೆ ತಿದ್ದಿದರೆ ಮುಗಿಯುತ್ತದೆ.

ಇನ್ನು ಮುಂದೆ ಹೇಳುವುದೆಲ್ಲ ಮೊದಲ ಜಾತಿಯ ಬಗ್ಗೆ.

ಒಂದೇ ಏಟಿಗೆ ಅಳಿಸುವುದು

ಬೇಸ್-ಫೈಲ್ಸ್‌ನ ಮುಂದಿನ ಆವೃತ್ತಿಯಲ್ಲಿ ಫೈಲ್ ಇಲ್ಲ, ಅಷ್ಟೇ. ಅರ್ಧ ದಿನದ ಕೆಲಸ. ಆಡಿಟ್‌ನವರ ಪಟ್ಟಿಯಿಂದ ಒಂದು ಸಾಲು ಹೋಗುತ್ತದೆ.

ಆದರೆ ತಪ್ಪು ಪಠ್ಯವನ್ನು ತೋರಿಸುತ್ತಿದ್ದ ಪ್ಯಾಕೇಜ್‌ಗಳು ಈಗ ಯಾವ ಪಠ್ಯವನ್ನೂ ತೋರಿಸುವುದಿಲ್ಲ. ಬರ್ಕ್‌ಲಿಯ ನಿಜವಾದ ಕೋಡ್‌ಗೂ ಈಗ ಪಠ್ಯವಿಲ್ಲ. ಇದ್ದದ್ದಕ್ಕಿಂತ ಸ್ಥಿತಿ ಕೆಟ್ಟಿತು. ಪ್ಯಾಕೇಜ್‌ಗಳ ಸಂಖ್ಯೆ ಬೆರಳೆಣಿಕೆಯಷ್ಟಿದ್ದು, ಎಲ್ಲವನ್ನೂ ಅದೇ ದಿನ ಸರಿಪಡಿಸುತ್ತೀರಿ ಎಂದಾದರೆ ಮಾತ್ರ ಇದಕ್ಕೆ ಅರ್ಥವಿದೆ. ಬೇರೆ ಯಾರಿಗೂ ನಾನು ಇದನ್ನು ಹೇಳಲಾರೆ.

ಫೈಲ್ ಇಟ್ಟು, ಹೊಸ ಬಳಕೆ ನಿಲ್ಲಿಸುವುದು

ಡೆಬಿಯನ್ ಬಹುಕಾಲ ನಡೆದ ದಾರಿ ಇದು. ಪಾಲಿಸಿಯಲ್ಲಿ ಬೇಡ ಎಂದು ಬರೆದರು, ಲಿಂಟಿಯನ್‌ನಲ್ಲಿ ಎಚ್ಚರಿಕೆ ಹಾಕಿದರು, ಫೈಲನ್ನು ಇದ್ದಲ್ಲೇ ಬಿಟ್ಟರು. ಯಾವುದಾದರೂ ಪ್ಯಾಕೇಜನ್ನು ಬೇರೆ ಕಾರಣಕ್ಕೆ ಮುಟ್ಟಿದಾಗ ಇದನ್ನೂ ಸರಿಪಡಿಸಿದರಾಯಿತು.

ಇದರಲ್ಲಿ ಒಂದು ದೊಡ್ಡ ಗುಣ ಇದೆ. ಯಾರ ಮೇಲೂ ಹೊರೆ ಬೀಳುವುದಿಲ್ಲ. ಸಾವಿರಾರು ಪ್ಯಾಕೇಜ್, ಎಲ್ಲರೂ ಸ್ವಂತ ಸಮಯ ಕೊಟ್ಟು ಮಾಡುವವರು, ಬಳಕೆದಾರರು ಯಾರೆಂದೇ ಗೊತ್ತಿಲ್ಲ. ಅಂಥ ಕಡೆ ಇದಕ್ಕಿಂತ ಬೇರೆ ದಾರಿ ಕಷ್ಟ. ಕಾಲೇಜಿನ ಲ್ಯಾಬ್‌ಗೆ ಡಿಸ್ಟ್ರೋ ಮಾಡಿಕೊಂಡವರಿಗೆ, ವಾರಕ್ಕೊಮ್ಮೆ ಸೇರುವ ಗೆಳೆಯರ ಗುಂಪಿಗೆ ಇದೇ ಸರಿ.

ಕೊರತೆ ಏನೆಂದರೆ ಇದು ತಾನಾಗಿ ಮುಗಿಯುವುದಿಲ್ಲ. ಯಾರೂ ಮುಟ್ಟದ ಪ್ಯಾಕೇಜ್‌ಗಳು ವರ್ಷಗಟ್ಟಲೆ ಹಾಗೇ ಉಳಿಯುತ್ತವೆ. ಎಚ್ಚರಿಕೆಯನ್ನು ನೋಡಿ ನೋಡಿ ಕಣ್ಣು ಒಗ್ಗಿಹೋಗುತ್ತದೆ. ಆಡಿಟ್ ಇರುವ ಕಂಪನಿಗೆ ಇದಷ್ಟೇ ಸಾಲದು.

ಪಠ್ಯವನ್ನು ಪ್ಯಾಕೇಜಿನೊಳಗೇ ತರುವುದು

ನನ್ನ ಮನಸ್ಸು ವಾಲುವುದು ಇತ್ತ. ಫೆಡೋರಾ ಎಂಬ ಇನ್ನೊಂದು ಡಿಸ್ಟ್ರೋ ಮೊದಲಿನಿಂದಲೂ ಹೀಗೇ ಇದೆ. ಅಲ್ಲಿ ಹಂಚಿಕೆಯ ಫೋಲ್ಡರ್ ಮೇಲೆ ಯಾರೂ ಆತುಕೊಳ್ಳುವುದಿಲ್ಲ, ಪ್ರತಿ ಪ್ಯಾಕೇಜೂ ತನ್ನ ಲೈಸೆನ್ಸ್ ಫೈಲನ್ನು ತನ್ನ ಹೆಸರಿನ ಫೋಲ್ಡರ್‌ನಲ್ಲಿ ಇಡುತ್ತದೆ. ಆರ್ಚ್ ಎಂಬ ಡಿಸ್ಟ್ರೋದಲ್ಲಿ ಹಂಚಿಕೆಯ ಫೋಲ್ಡರ್ ಇದೆ. ಆದರೂ ಬಿಎಸ್‌ಡಿ, ಎಂಐಟಿ, ಐಎಸ್‌ಸಿ ಜಾತಿಯವಕ್ಕೆ ಅದು ಸಾಲದು, ಪ್ಯಾಕೇಜ್ ತನ್ನ ಪ್ರತಿಯನ್ನೇ ತರಬೇಕು. ಬೇರೆ ಬೇರೆ ಮನೆಯ ಮೂವರು ಒಂದೇ ತೀರ್ಮಾನಕ್ಕೆ ಬಂದಿದ್ದಾರೆ ಎಂದರೆ ಅದರಲ್ಲಿ ಹುರುಳಿದೆ.

ಡೆಬಿಯನ್ ಬಳಗದಲ್ಲಿ, ಅಂದರೆ ಉಬುಂಟು, ನಮ್ಮ ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಅಥವಾ ನಿಮ್ಮ ಕಂಪನಿಯ ಸ್ವಂತದ್ದು ಯಾವುದೇ ಇರಲಿ, ಕೆಲಸ ಹೀಗೆ. ಮೇಂಟೇನರ್ ಕಾಪಿರೈಟ್ ಫೈಲಿನ ಲೈಸೆನ್ಸ್ ಪ್ಯಾರಾದಲ್ಲಿ ಪೂರ್ತಿ ಪಠ್ಯ ಹಾಕುತ್ತಾರೆ. ಮಷಿನ್ ಓದುವ ಮಾದರಿಯಲ್ಲಿ ಪ್ರತಿ ಸಾಲೂ ಒಂದು ಸ್ಪೇಸ್‌ನಿಂದ ಶುರುವಾಗಬೇಕು. ಖಾಲಿ ಸಾಲಿನ ಜಾಗದಲ್ಲಿ ಸ್ಪೇಸ್ ಮತ್ತು ಒಂದು ಚುಕ್ಕೆ. ಇದನ್ನು ಮರೆತರೆ ಮುಂದಿನ ಪ್ಯಾರಾ ಎಲ್ಲೋ ಸೇರಿಕೊಳ್ಳುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪಠ್ಯವನ್ನು ಆ ಪ್ಯಾಕೇಜಿನ ಸೋರ್ಸ್‌ನಿಂದಲೇ ತೆಗೆದುಕೊಳ್ಳಿ. ಪಕ್ಕದ ಪ್ಯಾಕೇಜಿನಿಂದ ಅಥವಾ ಒಂದು ಸಿದ್ಧ ಮಾದರಿಯಿಂದ ಕಾಪಿ ಮಾಡಬೇಡಿ. ಸ್ಕ್ರಿಪ್ಟ್ ಬರೆದು ಹಂಚಿಕೆಯ ಫೈಲಿನ ಪಠ್ಯವನ್ನೇ ಎಲ್ಲ ಕಡೆ ಅಂಟಿಸಿದರೆ ತಪ್ಪನ್ನು ಒಂದು ಜಾಗದಿಂದ 300 ಜಾಗಕ್ಕೆ ಹಂಚಿದಂತಾಗುತ್ತದೆ. ಮೇಲಿನ ಕಾಪಿರೈಟ್ ಸಾಲೊಂದನ್ನೇ ಬದಲಿಸಿ ಬಿಡುವವರೂ ಇದ್ದಾರೆ. ಒಳಗೆ ರೀಜೆಂಟ್ಸ್ ಹೆಸರು ಹಾಗೇ ಉಳಿದಿರುತ್ತದೆ.

ಸೋರ್ಸ್ ತೆರೆದು ನೋಡುವಾಗ ಇನ್ನೊಂದು ಲಾಭ ಆಗುತ್ತದೆ. ಬಿಎಸ್‌ಡಿ ಎಂದು ಬರೆದಿದ್ದ ಎಷ್ಟೋ ಪ್ಯಾಕೇಜ್‌ಗಳು ಮೂರು ಷರತ್ತಿನವು ಆಗಿರುವುದಿಲ್ಲ. ಕೆಲವು ಎರಡು ಷರತ್ತಿನವು. ಕೆಲವು ಹಳೇ ನಾಲ್ಕು ಷರತ್ತಿನವು, ಅಂದರೆ ಜಾಹೀರಾತಿನಲ್ಲಿ ನಮ್ಮ ಹೆಸರು ಹಾಕಬೇಕು ಎನ್ನುವವು. ಬರ್ಕ್‌ಲಿ 1999ರ ಜುಲೈ 22ರಂದು ಆ ಜಾಹೀರಾತಿನ ಷರತ್ತನ್ನು ಕೈಬಿಟ್ಟಿತು. ಆದರೆ ಅದು ಬರ್ಕ್‌ಲಿಯ ಕೋಡ್‌ಗೆ ಮಾತ್ರ. ಬೇರೆಯವರು ಅದೇ ನಾಲ್ಕು ಷರತ್ತು ಹಾಕಿ ಬರೆದ ಕೋಡ್‌ನಲ್ಲಿ ಅದು ಇನ್ನೂ ಜೀವಂತ. ಮೂರು ಷರತ್ತಿನ ಹಂಚಿಕೆಯ ಫೈಲನ್ನು ತೋರಿಸಿದಾಗ ಆ ಷರತ್ತು ಮುಚ್ಚಿಹೋಗಿತ್ತು. ನಾಲ್ಕು ಷರತ್ತಿನ ಬಿಎಸ್‌ಡಿ ಜಿಪಿಎಲ್ ಜೊತೆ ಹೊಂದುವುದಿಲ್ಲ. ಹಾಗಾಗಿ ಎರಡನ್ನೂ ಸೇರಿಸಿ ಲಿಂಕ್ ಮಾಡಿದ್ದರೆ ಕಂಪನಿಯ ವಕೀಲರ ಹತ್ತಿರ ಹೋಗಬೇಕಾದ ವಿಷಯ ಅದು. ಈ ಕೆಲಸದಲ್ಲಿ ಸಿಗುವ ನಿಜವಾದ ಫಲ ಇದೇ ಎಂದು ನನಗೆ ಅನಿಸುತ್ತದೆ. ಬರೀ ಫೈಲ್ ತೆಗೆಯುವ ಕೆಲಸ ಎಂದು ಹೊರಟವರಿಗೆ ತಮ್ಮ ಡಿಸ್ಟ್ರೋದಲ್ಲಿ ಏನೇನಿದೆ ಎಂಬುದು ಮೊದಲ ಸಲ ಗೊತ್ತಾಗುತ್ತದೆ.

ಒಂದೇ ಪ್ಯಾಕೇಜಿನಲ್ಲಿ ಇಬ್ಬರು ಮೂವರ ಬಿಎಸ್‌ಡಿ ಕೋಡ್ ಇದ್ದು, ಮೂರನೇ ಷರತ್ತಿನ ಹೆಸರುಗಳು ಬೇರೆಬೇರೆ ಆಗಿದ್ದರೆ, ಪ್ರತಿಯೊಂದಕ್ಕೂ ಬೇರೆ ಚಿಕ್ಕ ಹೆಸರು ಕೊಟ್ಟು ಬೇರೆ ಪ್ಯಾರಾ ಬರೆಯಬೇಕು. ಬಿಎಸ್‌ಡಿ-3-ಗೂಗಲ್ ಎಂಬಂಥ ಹೆಸರುಗಳನ್ನು ನೀವು ನೋಡಿರಬಹುದು. ಅವು ಬಂದದ್ದು ಹೀಗೆ.

ಖರ್ಚು ಇರುವುದು ಸಮಯದಲ್ಲಿ. ಒಂದು ಪ್ಯಾಕೇಜಿಗೆ 20 ನಿಮಿಷ ಎಂದಿಟ್ಟುಕೊಂಡರೆ 300 ಪ್ಯಾಕೇಜಿಗೆ 100 ಗಂಟೆ, ಒಬ್ಬರಿಗೆ ಎರಡೂವರೆ ವಾರ. ದೊಡ್ಡ, ಹಳೇ ಸೋರ್ಸ್‌ಗಳು ಅರ್ಧ ದಿನ ತಿನ್ನುತ್ತವೆ. ಲೈಸೆನ್ಸ್‌ಚೆಕ್, ಸ್ಕ್ಯಾನ್‌ಕೋಡ್ ಥರದ ಟೂಲ್‌ಗಳು ಹುಡುಕಿಕೊಡುತ್ತವೆ, ತೀರ್ಮಾನ ಮಾತ್ರ ಮನುಷ್ಯರೇ ಮಾಡಬೇಕು.

ಗೋ, ರಸ್ಟ್ ಬೈನರಿಗಳಲ್ಲಿ ನೂರಾರು ಲೈಬ್ರರಿಗಳು ಒಳಗೇ ಸೇರಿಹೋಗಿರುತ್ತವೆ. ಅವುಗಳಲ್ಲಿ ಎಂಐಟಿ, ಬಿಎಸ್‌ಡಿ ಜಾಸ್ತಿ. ಅಲ್ಲಿ ಹಂಚಿಕೆಯ ಫೈಲ್ ಮೊದಲಿನಿಂದಲೂ ನಡೆಯುವ ಮಾತಾಗಿರಲಿಲ್ಲ. ಬಿಲ್ಡ್ ಸಮಯದಲ್ಲೇ ಎಲ್ಲ ಪಠ್ಯ ಕೂಡಿಸಿ ಪ್ಯಾಕೇಜಿಗೆ ಹಾಕಬೇಕು.

ಎಸ್‌ಪಿಡಿಎಕ್ಸ್ ಗುರುತು

ಇದು ಈಗಿನ ಕಾಲದ ಮೆಚ್ಚಿನ ಉತ್ತರ. ಪ್ರತಿ ಲೈಸೆನ್ಸ್‌ಗೂ ಒಂದು ಚಿಕ್ಕ ಗುರುತು, ಎಲ್ಲೆಲ್ಲೂ ಅದೇ. 2021ರಲ್ಲಿ ಎಸ್‌ಪಿಡಿಎಕ್ಸ್ ಐಎಸ್‌ಒ ಮಾನದಂಡವೂ ಆಯಿತು, ಸಂಖ್ಯೆ 5962. 2017ರಲ್ಲಿ ಲಿನಕ್ಸ್ ಕರ್ನಲ್‌ನ ಸಾವಿರಾರು ಫೈಲ್‌ಗಳಿಗೆ ಒಂದೇ ಸಲ ಈ ಗುರುತು ಹಾಕಿದರು. ಫೆಡೋರಾ 2022ರಿಂದ ತನ್ನ ಹಳೇ ಸಂಕ್ಷೇಪಗಳನ್ನು ಬಿಟ್ಟು ಹಂತ ಹಂತವಾಗಿ ಇದಕ್ಕೆ ಬಂತು.

"ಹಾಗಾದ್ರ ಫೈಲ್ ತಗದು ಗುರುತು ಬರದ್ರ ಸಾಕಲ್ರಿ?" ಎಂದು ಕೇಳುವವರು ಬಹಳ. ಸಾಲದು. ಬಿಎಸ್‌ಡಿ-3-ಕ್ಲಾಸ್ ಎಂಬ ಒಂದೇ ಗುರುತು ಎಲ್ಲರ ಮೂರು ಷರತ್ತಿನ ಪಠ್ಯಕ್ಕೂ ಹೊಂದುತ್ತದೆ. ಹೆಸರು ಬದಲಾದರೂ ಗುರುತು ಅದೇ. ಅಂದರೆ ಯಾರ ಕೋಡ್ ಎಂಬುದನ್ನು ಗುರುತು ಹೇಳುವುದೇ ಇಲ್ಲ, ಹೇಳಲೆಂದು ಮಾಡಿದ್ದೂ ಅಲ್ಲ. ಲೈಸೆನ್ಸ್ ಕೇಳುವುದು ಆ ಸಾಲನ್ನು ಮತ್ತು ಪೂರ್ತಿ ಪಠ್ಯವನ್ನು. ಕರ್ನಲ್‌ನವರು ಕೂಡ ಗುರುತು ಹಾಕಿ ಸುಮ್ಮನಾಗಲಿಲ್ಲ, ಲೈಸೆನ್ಸಸ್ ಫೋಲ್ಡರ್‌ನಲ್ಲಿ ಪಠ್ಯಗಳನ್ನೂ ಇಟ್ಟಿದ್ದಾರೆ.

ಗುರುತು ಯಾವುದಕ್ಕೆ ಒಳ್ಳೆಯದು ಎಂದರೆ ಹುಡುಕುವುದಕ್ಕೆ, ಎಣಿಸುವುದಕ್ಕೆ, ಗ್ರಾಹಕರು ಕೇಳುವ ಪಟ್ಟಿಯನ್ನು ತಾನಾಗಿ ಹೊರಡಿಸುವುದಕ್ಕೆ. ರಫ್ತು ಮಾಡುವ ಹಲವು ಕಂಪನಿಗಳಿಗೆ ಇದು ಈಗ ಬೇಕಾಗುತ್ತದೆ. ಆದ್ದರಿಂದ ಪಠ್ಯದ ಬದಲಿಗೆ ಎಂದಲ್ಲ, ಪಠ್ಯದ ಜೊತೆಗೆ ಎಂದು ತೆಗೆದುಕೊಳ್ಳಿ. ಪ್ಯಾಕೇಜ್ ಹೇಗೂ ಮುಟ್ಟುತ್ತಿದ್ದೀರಿ. ಅದೇ ಸಲಕ್ಕೆ ಗುರುತನ್ನೂ ಹಾಕಿದರೆ ಐದು ನಿಮಿಷ ಹೆಚ್ಚು, ಅಷ್ಟೇ.

ಸೋರ್ಸ್‌ನಲ್ಲೇ ಸರಿಮಾಡುವುದು

ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಯುರೋಪ್‌ನ ರಿಯೂಸ್ ಪದ್ಧತಿ ಇದು. ಪ್ರತಿ ಫೈಲಿನಲ್ಲೂ ಕಾಪಿರೈಟ್ ಸಾಲು ಮತ್ತು ಗುರುತು, ಮೇಲೆ ಒಂದು ಲೈಸೆನ್ಸಸ್ ಫೋಲ್ಡರ್. ನಿಮ್ಮ ಟೀಮ್ ತಾನೇ ಬರೆದ ಕೋಡ್‌ಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಪ್ಯಾಕೇಜ್ ಮಾಡುವವರು ಊಹೆ ಮಾಡಬೇಕಾಗಿಲ್ಲ. ಹೊರಗಿನವರ ಕೋಡ್‌ಗೆ ಮಾತ್ರ ನೀವು ಪ್ಯಾಚ್ ಕಳಿಸಿ ಕಾಯಬೇಕು. ಬಂದರೆ ಬಂತು. ಅದರ ಮೇಲೆ ಆಡಿಟ್‌ನ ದಿನಾಂಕ ಕಟ್ಟಿಕೊಳ್ಳಬೇಡಿ.

ಯೋಕ್ಟೋದವರಿಗೆ ಬೇರೆ ಮಾತು

ಪುಣೆಯ ಸುತ್ತ ಗಾಡಿಗಳ ಕೆಲಸ ಜಾಸ್ತಿ. ಚಾಕಣ, ಪಿಂಪ್ರಿ ಕಡೆಯ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಕೊಡುವವರಲ್ಲಿ ಯೋಕ್ಟೋ ಬಳಸುವವರು ಬಹಳ. ಯೋಕ್ಟೋದಲ್ಲೂ ಕಾಮನ್-ಲೈಸೆನ್ಸಸ್ ಫೋಲ್ಡರ್ ಇದೆ, ಆದರೆ ಅದರ ಅಪಾಯ ಬೇರೆ ಕಡೆ.

ಪ್ರತಿ ರೆಸಿಪಿಯೂ (ಒಂದು ಪ್ಯಾಕೇಜನ್ನು ಹೇಗೆ ಕಟ್ಟಬೇಕೆಂದು ಹೇಳುವ ಫೈಲ್) ಲೈಸೆನ್ಸ್ ಫೈಲಿನ ಎಂಡಿ5 ಚೆಕ್‌ಸಮ್, ಅಂದರೆ ಫೈಲ್ ಬದಲಾದರೆ ತಾನೂ ಬದಲಾಗುವ ಸಂಖ್ಯೆ, ಹೇಳಬೇಕು. ಸೋರ್ಸ್‌ನಲ್ಲಿನ ಫೈಲನ್ನು ತೋರಿಸಿದ್ದರೆ, ಅಪ್‌ಸ್ಟ್ರೀಮ್‌ನವರು, ಅಂದರೆ ಆ ಕೋಡ್ ಬರೆಯುವವರು, ಲೈಸೆನ್ಸ್ ಬದಲಿಸಿದ ಆವೃತ್ತಿಯನ್ನು ನೀವು ತಂದ ದಿನವೇ ಬಿಲ್ಡ್ ನಿಲ್ಲುತ್ತದೆ. ಆಗ ನೀವು ನೋಡುತ್ತೀರಿ. ಅವಸರದಲ್ಲಿ ಬರೆದ ರೆಸಿಪಿ ಯೋಕ್ಟೋದ್ದೇ ಹಂಚಿಕೆಯ ಫೋಲ್ಡರ್‌ನ ಎಂಐಟಿ ಫೈಲನ್ನು ತೋರಿಸಿದ್ದರೆ? ಆ ಫೈಲ್ ಬದಲಾಗುವುದಿಲ್ಲ. ಚೆಕ್‌ಸಮ್ ಯಾವಾಗಲೂ ಸರಿ. ಅಪ್‌ಸ್ಟ್ರೀಮ್ ಏನೇ ಮಾಡಿದರೂ ನಿಮಗೆ ತಿಳಿಯುವುದಿಲ್ಲ. ಕಾವಲಿಗೆ ಇಟ್ಟ ವ್ಯವಸ್ಥೆ ಕಣ್ಣು ಮುಚ್ಚಿ ನಿಂತಂತೆ.

ಇವರಿಗೆ ನನ್ನ ಸಲಹೆ ನೇರ. ಫೋಲ್ಡರ್ ತೆಗೆಯುವ ಗೋಜಿಗೆ ಹೋಗಬೇಡಿ, ಅದು ಯೋಕ್ಟೋದ್ದು. ನಿಮ್ಮ ಲೇಯರ್‌ನ (ನೀವು ಸೇರಿಸಿದ ರೆಸಿಪಿಗಳ ಗುಂಪು) ರೆಸಿಪಿಗಳಲ್ಲಿ ಅದನ್ನು ತೋರಿಸುವ ಸಾಲುಗಳನ್ನು ಹುಡುಕಿ, ಸೋರ್ಸ್‌ನ ಫೈಲ್‌ಗೆ ತಿರುಗಿಸಿ. ಸೋರ್ಸ್‌ನಲ್ಲಿ ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಯಾವುದಾದರೂ ಕೋಡ್ ಫೈಲಿನ ತಲೆಭಾಗದ ಸಾಲುಗಳನ್ನು ಸಂಖ್ಯೆ ಕೊಟ್ಟು ತೋರಿಸಬಹುದು. 2022ರ ಕರ್ಕ್‌ಸ್ಟೋನ್ ಆವೃತ್ತಿಯಲ್ಲಿ ಲೈಸೆನ್ಸ್ ಹೆಸರುಗಳು ಎಸ್‌ಪಿಡಿಎಕ್ಸ್‌ಗೆ ಬದಲಾದವು. ಹಳೇ ಆವೃತ್ತಿಯಿಂದ ಮೇಲೇರುವಾಗ ರೆಸಿಪಿ ಹೇಗೂ ಮುಟ್ಟಬೇಕು, ಆಗಲೇ ಇದನ್ನೂ ಮಾಡಿ. ಇಮೇಜ್‌ನೊಳಗೆ ಪಠ್ಯ ಹಾಕಲು ಜಾಗ ಇಲ್ಲದಿದ್ದರೆ ಯೋಕ್ಟೋ ಬಿಲ್ಡ್ ಜೊತೆ ಹೊರಡಿಸುವ ಲೈಸೆನ್ಸ್ ಪಟ್ಟಿ ಮತ್ತು ಪಠ್ಯಗಳನ್ನು ಪ್ರಾಡಕ್ಟ್‌ನ ದಾಖಲೆಗಳ ಜೊತೆ ಕೊಡಬಹುದು. ದಾಖಲೆಗಳಲ್ಲಿ ಅಥವಾ ಜೊತೆಗೆ ಬರುವ ಬೇರೆ ಸಾಮಗ್ರಿಯಲ್ಲಿ ಇದ್ದರೂ ಸರಿ ಎಂದು ಬಿಎಸ್‌ಡಿಯೇ ಹೇಳುತ್ತದೆ.

ಹಾಗಾದರೆ ನೀವು ಯಾವುದನ್ನು ಆರಿಸಬೇಕು

ವಾಕಡ್‌ನಲ್ಲೋ ಬಾಣೇರ್‌ನಲ್ಲೋ ಇಬ್ಬರು ಮೂವರ ಟೀಮ್, ಸ್ವಂತ ಪ್ಯಾಕೇಜ್‌ಗಳು 40-50, ಎಲ್ಲವೂ ನಿಮ್ಮ ಕೈಯಲ್ಲೇ. ನೀವು ಹಂತಗಳ ಯೋಜನೆ ಹಾಕುತ್ತಾ ಕೂರಬೇಡಿ. ಒಂದು ವಾರ ತೆಗೆದಿಟ್ಟು ಎಲ್ಲದರಲ್ಲೂ ಪಠ್ಯ ಹಾಕಿ, ಗುರುತೂ ಹಾಕಿ, ಅದೇ ಬಿಡುಗಡೆಯಲ್ಲಿ ಫೈಲ್ ತೆಗೆಯಿರಿ.

ನೂರಾರು ಪ್ಯಾಕೇಜ್, ಹಲವು ಟೀಮ್, ವರ್ಷಕ್ಕೊಮ್ಮೆ ಆಡಿಟ್ ಎಂದಾದರೆ ಎರಡು ಬಿಡುಗಡೆಗಳಲ್ಲಿ ಮಾಡಿ. ಮೊದಲು ಹೊಸ ಬಳಕೆ ನಿಲ್ಲಿಸಿ, ಗ್ರಾಹಕರಿಗೆ ಹೋಗುವ ಪ್ಯಾಕೇಜ್‌ಗಳಿಂದ ಪಠ್ಯ ಹಾಕಲು ಶುರುಮಾಡಿ. ಕಂಪನಿಯೊಳಗೇ ಉಳಿಯುವವು ಆಮೇಲೆ. ಬಜೆಟ್ ಕೇಳಲು ಮ್ಯಾನೇಜರ್ ಹತ್ತಿರ ಹೋಗುವಾಗ ನಾಲ್ಕು ಷರತ್ತಿನ ಒಂದು ಪ್ಯಾಕೇಜ್ ಹುಡುಕಿಕೊಂಡು ಹೋಗಿ. ಕೆಲಸ ಯಾಕೆ ಬೇಕು ಎಂದು ಅದೇ ಹೇಳುತ್ತದೆ.

ಎಲ್ಲರೂ ಬಳಸುವ ಡಿಸ್ಟ್ರೋ, ಹೊರಗಿನವರ ಪ್ಯಾಕೇಜ್‌ಗಳು ಎಷ್ಟಿವೆಯೋ ಗೊತ್ತಿಲ್ಲ ಎಂದಾದರೆ ಫೈಲ್ ಇರಲಿ. ಹೊಸ ಬಳಕೆ ನಿಲ್ಲಿಸಿ, ಉಳಿದದ್ದನ್ನು ನಿಧಾನವಾಗಿ ತಿದ್ದಿ. ಅವಸರದಿಂದ ಗೆಲ್ಲುವುದು ಏನೂ ಇಲ್ಲ.

ಕೈಬಿಡುವ ಕ್ರಮ

ಎಣಿಕೆಯಿಂದ ಶುರುಮಾಡಿ. ಸೋರ್ಸ್‌ನಲ್ಲಿ ಹುಡುಕಬೇಡಿ, ಬಿಲ್ಡ್ ಆದ ಪ್ಯಾಕೇಜ್‌ಗಳನ್ನು ಬಿಚ್ಚಿ ಅವುಗಳ ಕಾಪಿರೈಟ್ ಫೈಲ್‌ಗಳಲ್ಲಿ ಹುಡುಕಿ. ಬಳಕೆದಾರರ ಕೈಗೆ ಹೋಗುವುದು ಅವೇ. ಒಂದೇ ಸೋರ್ಸ್‌ನಿಂದ ಬರುವ ಹಲವು ಪ್ಯಾಕೇಜ್‌ಗಳು ಡಾಕ್ಯುಮೆಂಟ್ ಫೋಲ್ಡರನ್ನು ಸಿಮ್‌ಲಿಂಕ್ ಮಾಡಿಕೊಂಡಿರುತ್ತವೆ, ಅವನ್ನು ಎರಡು ಸಲ ಎಣಿಸಬೇಡಿ.

ಬಿಲ್ಡ್ ಸರ್ವರ್‌ನಲ್ಲಿ ಒಂದು ಪರೀಕ್ಷೆ ಹಾಕಿ. ಹೊಸ ಪ್ಯಾಕೇಜ್ ಆ ಫೈಲನ್ನು ತೋರಿಸಿದರೆ ಅಲ್ಲೇ ನಿಲ್ಲಲಿ. ಹಳೇ ಪ್ಯಾಕೇಜ್‌ಗೆ ಮೊದಲು ಎಚ್ಚರಿಕೆ ಮಾತ್ರ, ಎಣಿಕೆ ಬೆರಳೆಣಿಕೆಗೆ ಇಳಿದ ಮೇಲೆ ಅದಕ್ಕೂ ತಡೆ. ಕ್ಯಾಲೆಂಡರ್ ನೋಡಿ ಈ ಹೆಜ್ಜೆ ಇಡಬೇಡಿ, ಎಣಿಕೆ ನೋಡಿ ಇಡಿ. ದಿನಾಂಕ ಬಂತೆಂದು 80 ಪ್ಯಾಕೇಜ್ ಬಾಕಿ ಇರುವಾಗಲೇ ತಡೆ ಹಾಕಿದರೆ ಜನ ಪರೀಕ್ಷೆಯನ್ನೇ ಆಫ್ ಮಾಡುತ್ತಾರೆ.

ನಡುವಿನ ಕಾಲದಲ್ಲಿ ಹಂಚಿಕೆಯ ಫೈಲಿನೊಳಗೆ "ಇದು ಹಳೆಯದು" ಎಂದು ಟಿಪ್ಪಣಿ ಬರೆಯುವ ಆಸೆ ಆಗುತ್ತದೆ. ಬೇಡ. ಅದು ಲೈಸೆನ್ಸ್ ಪಠ್ಯ, ಬರ್ಕ್‌ಲಿಯ ಕೋಡ್ ಇನ್ನೂ ಅದರ ಮೇಲೆ ನಿಂತಿದೆ. ಪಕ್ಕದಲ್ಲಿ ಬೇರೆ ರೀಡ್‌ಮಿ ಫೈಲ್ ಇಡಿ.

ಎಣಿಕೆ ಸೊನ್ನೆ ಆದ ಮೇಲೆ ಒಂದು ಪೂರ್ತಿ ಬಿಡುಗಡೆ ಕಾಯಿರಿ. ಗ್ರಾಹಕರ ಪ್ಯಾಕೇಜ್‌ಗಳಿಗೆ ಆ ಸಮಯ ಬೇಕು. ಬಿಡುಗಡೆ ಟಿಪ್ಪಣಿಯಲ್ಲಿ ಫೈಲಿನ ಹೆಸರು, ಅದು ಹೋಗುವ ಆವೃತ್ತಿ, ಬದಲಿಗೆ ಏನು ಮಾಡಬೇಕು ಎಂಬುದನ್ನು ಬರೆಯಿರಿ. ಹುಡುಕುವ ಕಮಾಂಡ್ ಕೂಡ ಅಲ್ಲೇ ಇರಲಿ. ಹಳೇ ಬಿಡುಗಡೆಗಳ ರೆಪಾಸಿಟರಿ ಮುಟ್ಟಬೇಡಿ. ಅಲ್ಲಿನ ಪ್ಯಾಕೇಜ್‌ಗಳು ಇನ್ನೂ ಆ ಫೈಲನ್ನೇ ತೋರಿಸುತ್ತಿವೆ, ಅವು ಬಳಕೆಯಲ್ಲಿ ಇರುವ ತನಕ ಅಲ್ಲಿ ಫೈಲೂ ಇರಬೇಕು.